ಕ್ವಾಂಟಂ ಗಣಕದ ಅನುಕರಣೆ ಮತ್ತು ಛಂದಸ್ಸಿನ ಪ್ರಸ್ತಾರ: ಒಂದು ವಿವೇಚನೆ

ಕ್ವಾಂಟಂ ಗಣಕವನ್ನು ಕುರಿತ ಜನಪ್ರಿಯ ಬರೆಹಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಈ ಯಂತ್ರವು ಎಲ್ಲ ಸಾಧ್ಯತೆಗಳನ್ನೂ ಏಕಕಾಲದಲ್ಲಿ ಪರಿಶೀಲಿಸಿ, ಅವುಗಳಲ್ಲಿ ಸರಿಯಾದುದನ್ನು ಹೆಕ್ಕಿ ಕೊಡುತ್ತದೆ ಎಂಬುದೇ ಆ ಮಾತು. ಸಾಹಿತ್ಯದ ಚರ್ಚೆಗಳಲ್ಲಿ ಪಠ್ಯದ ಅನೇಕಾರ್ಥತೆಗೆ ಇದನ್ನು ರೂಪಕವಾಗಿ ಎತ್ತಿಕೊಳ್ಳುವ ಪ್ರವೃತ್ತಿಯೂ ಇಲ್ಲದಿಲ್ಲ. ಇನ್ನೊಂದೆಡೆ, ಇಂಥ ಯಾವುದೇ ಹೊಸ ವಿದ್ಯೆಯ ಎದುರಿನಲ್ಲಿ ‘ಇದೆಲ್ಲ ನಮ್ಮ ಪೂರ್ವಿಕರಿಗೆ ತಿಳಿದಿತ್ತು’ ಎಂದು ಘೋಷಿಸಿಬಿಡುವ ಅಭ್ಯಾಸವೂ ಇದೆ. ಈ ಎರಡು ನಿಲುವುಗಳೂ ವಿಷಯವನ್ನು ತಿಳಿಯುವ ಶ್ರಮದಿಂದ ನಮ್ಮನ್ನು ಬಿಡುಗಡೆ ಮಾಡುತ್ತವೆ. ಆದ್ದರಿಂದಲೇ ಎರಡೂ ಅಪಾಯಕಾರಿ.

ಮೊದಲ ಮಾತನ್ನು ಪರೀಕ್ಷಿಸುವುದಕ್ಕೆ ಕ್ವಾಂಟಂ ಗಣಕವೇ ಬೇಕೆಂದಿಲ್ಲ. ಸಾಮಾನ್ಯ ಗಣಕದ ಮೇಲೆ ತಂತ್ರಾಂಶದ ಮೂಲಕ ಅದನ್ನು ಅನುಕರಿಸುವ ಕ್ರಮವೊಂದಿದೆ. ಅದರ ಹೆಸರು ಸ್ಥಿತಿಸದಿಶದ ಅನುಕರಣೆ. ಅನುಕರಿಸಬೇಕಾದ ಯಂತ್ರ ಚಿಕ್ಕದಾಗಿದ್ದರೆ ಈ ಕ್ರಮವನ್ನು ಹಾಳೆ ಮತ್ತು ಲೇಖನಿಯಿಂದಲೂ ನಡೆಸಬಹುದು. ಛಂದಶ್ಶಾಸ್ತ್ರವನ್ನು ಓದಿದವರಿಗೆ ಇದನ್ನು ಗ್ರಹಿಸಲು ಬೇಕಾದ ಉಪಕರಣ ಆಗಲೇ ಕೈಯಲ್ಲಿದೆ, ಅದು ಪ್ರಸ್ತಾರ. ಪ್ರಸ್ತಾರದ ಪರಿಚಯವು ಈ ಅನುಕರಣೆಯ ಅರ್ಧಭಾಗವನ್ನು ಹೇಗೆ ಸ್ಪಷ್ಟಪಡಿಸುತ್ತದೆ, ಉಳಿದರ್ಧ ಅದಕ್ಕೆ ಏಕೆ ಸಿಕ್ಕುವುದಿಲ್ಲ ಎಂಬುದನ್ನು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೧. ಪ್ರಸ್ತಾರ, ನಷ್ಟ, ಉದ್ದಿಷ್ಟ

ಪಿಂಗಳನ ಛಂದಃಶಾಸ್ತ್ರದ ಎಂಟನೆಯ ಅಧ್ಯಾಯದಲ್ಲಿ ಮೊದಲು ಕಾಣುವ ಈ ವಿಚಾರವು ಕೇದಾರಭಟ್ಟನ ‘ವೃತ್ತರತ್ನಾಕರ’ದ ವೇಳೆಗೆ ಷಟ್‌ಪ್ರತ್ಯಯಗಳೆಂದು ವ್ಯವಸ್ಥಿತಗೊಂಡಿತು. ಪ್ರಸ್ತಾರ, ನಷ್ಟ, ಉದ್ದಿಷ್ಟ, ಲಗಕ್ರಿಯೆ, ಸಂಖ್ಯಾನ, ಅಧ್ವಯೋಗ ಎಂಬ ಈ ಆರರ ಹೆಸರು ನಾಗವರ್ಮನ ‘ಛಂದೋಂಬುಧಿ’ಯ ಅಧ್ಯಯನದ ಪರಂಪರೆಯಲ್ಲಿ ಬೆಳೆದ ನಮಗೆ ಹೊಸತಲ್ಲ. ಆದರೆ ಇಂದಿನ ತರಗತಿಗಳಲ್ಲಿ ಪ್ರಸ್ತಾರ ಹಾಕುವುದೆಂದರೆ ಪದ್ಯಕ್ಕೆ ಗುರುಲಘು ಗುರುತಿಸುವುದು ಎಂಬ ಅರ್ಥವೇ ಉಳಿದಿದೆ. ಶಾಸ್ತ್ರದ ಮೂಲಾರ್ಥದಲ್ಲಿ ಪ್ರಸ್ತಾರವೆಂದರೆ ಇಂತಿಷ್ಟು ಅಕ್ಷರಗಳ ಪಾದದಲ್ಲಿ ಸಾಧ್ಯವಿರುವ ಎಲ್ಲ ಗುರುಲಘು ವಿನ್ಯಾಸಗಳನ್ನೂ ಒಂದು ನಿಯತ ಕ್ರಮದಲ್ಲಿ, ಒಂದೂ ಬಿಡದಂತೆ, ಸಾಲುಸಾಲಾಗಿ ಬರೆಯುವುದು.

ಮೂರು ಅಕ್ಷರಗಳಿಗೆ ಎಂಟು ಸಾಲುಗಳಾಗುತ್ತವೆ. ಅವೇ ಎಂಟು ಅಕ್ಷರಗಣಗಳು. ನಾವು ಕಂಠಪಾಠ ಮಾಡಿಸುವ ಕನ್ನಡದ ಗಣಸೂತ್ರದ ಕ್ರಮ ಬೇರೆ; ಪ್ರಸ್ತಾರದ ಕ್ರಮ ಮ, ಯ, ರ, ಸ, ತ, ಜ, ಭ, ನ ಎಂದು. ಮೊದಲ ಸಾಲು ಸರ್ವಗುರುವಾದ ಮಗಣ, ಕೊನೆಯ ಸಾಲು ಸರ್ವಲಘುವಾದ ನಗಣ. ನಡುವೆ ಮೊದಲ ಅಕ್ಷರ ಪ್ರತಿ ಸಾಲಿಗೂ ಬದಲಾಗುತ್ತದೆ. ಎರಡನೆಯದು ಎರಡು ಸಾಲಿಗೊಮ್ಮೆ, ಮೂರನೆಯದು ನಾಲ್ಕು ಸಾಲಿಗೊಮ್ಮೆ ಬದಲಾಗುತ್ತವೆ. ಗುರುವಿಗೆ ೦, ಲಘುವಿಗೆ ೧ ಎಂದು ಬೆಲೆ ಕೊಟ್ಟು, ಮೊದಲ ಅಕ್ಷರಕ್ಕೆ ಕನಿಷ್ಠ ಸ್ಥಾನಬೆಲೆಯನ್ನು ಕೊಟ್ಟರೆ ಇದು ಇಂದಿನ ದ್ವಿಮಾನ ಎಣಿಕೆಯ ಕ್ರಮವೇ ಆಗುತ್ತದೆ.

ಸಾಲಿನ ಸಂಖ್ಯೆ ಗೊತ್ತಿದ್ದು ವಿನ್ಯಾಸವನ್ನು ಕಂಡುಹಿಡಿಯುವುದು ನಷ್ಟ. ವಿನ್ಯಾಸ ಗೊತ್ತಿದ್ದು ಸಾಲಿನ ಸಂಖ್ಯೆಯನ್ನು ಹೇಳುವುದು ಉದ್ದಿಷ್ಟ. ಆರನೆಯ ಸಾಲು ಯಾವುದು? ಆರು ಸಮಸಂಖ್ಯೆ, ಆದ್ದರಿಂದ ಲಘು; ಅರ್ಧಿಸಿದರೆ ಮೂರು. ಮೂರು ವಿಷಮ, ಆದ್ದರಿಂದ ಗುರು. ಒಂದು ಕೂಡಿಸಿ ಅರ್ಧಿಸಿದರೆ ಎರಡು. ಎರಡು ಸಮ, ಆದ್ದರಿಂದ ಲಘು. ಲಘು-ಗುರು-ಲಘು ಎಂದರೆ ಜಗಣ. ಪಟ್ಟಿಯನ್ನು ಬರೆಯದೆಯೇ ಉತ್ತರ ದೊರೆಯಿತು. ಈ ಎರಡು ಕ್ರಿಯೆಗಳು ಮುಂದಿನ ವಿವರಣೆಗೆ ಅತ್ಯಗತ್ಯ.

೨. ತೂಕ ಹೊತ್ತ ಸಾಲುಗಳು

ಸಾಮಾನ್ಯ ಗಣಕದ ಒಂದು ಬಿಟ್ ಗುರು ಅಥವಾ ಲಘು ಇದ್ದಂತೆ. ಮೂರು ಬಿಟ್‌ಗಳು ಒಂದು ಗಳಿಗೆಯಲ್ಲಿ ಎಂಟು ಗಣಗಳ ಪೈಕಿ ಯಾವುದಾದರೂ ಒಂದಾಗಿ ಮಾತ್ರ ಇರುತ್ತವೆ. ಮೂರು ಕ್ಯೂಬಿಟ್‌ಗಳ ಸ್ಥಿತಿಯನ್ನು ಹೇಳಲು ಹಾಗೆ ಒಂದು ಗಣದ ಹೆಸರು ಸಾಲದು. ಪ್ರಸ್ತಾರದ ಎಂಟೂ ಸಾಲುಗಳನ್ನು ಬರೆದು, ಪ್ರತಿಯೊಂದರ ಮುಂದೆ ಒಂದೊಂದು ಸಂಖ್ಯೆಯನ್ನು ಇಡಬೇಕಾಗುತ್ತದೆ. ಈ ಸಂಖ್ಯೆಯನ್ನು ಭೌತವಿಜ್ಞಾನಿಗಳು ಆಂಪ್ಲಿಟ್ಯೂಡ್ ಎನ್ನುತ್ತಾರೆ. ಇಲ್ಲಿ ಅನುಕೂಲಕ್ಕಾಗಿ ‘ತೂಕ’ ಎಂದು ಕರೆಯಲಾಗಿದೆ. ಈ ಎಂಟು ತೂಕಗಳ ಸಾಲೇ ಸ್ಥಿತಿಸದಿಶ.

ತೂಕವೆಂಬ ಮಾತನ್ನು ಎಚ್ಚರದಿಂದ ಬಳಸಬೇಕು. ಅಂಗಡಿಯ ತಕ್ಕಡಿಯ ತೂಕ ಎಂದೂ ಸೊನ್ನೆಗಿಂತ ಕಡಿಮೆಯಾಗದು; ಈ ತೂಕ ಋಣವಾಗಬಹುದು, ಸಾಮಾನ್ಯವಾಗಿ ಅದು ಎರಡು ಭಾಗಗಳುಳ್ಳ ಸಂಮಿಶ್ರ ಸಂಖ್ಯೆಯೇ ಆಗಿರುತ್ತದೆ. ಮಾಪನ ಮಾಡಿದಾಗ ಒಂದು ಗಣ ಮಾತ್ರ ಕಾಣಿಸಿಕೊಳ್ಳುತ್ತದೆ. ಯಾವ ಗಣ ಕಾಣಿಸಬಹುದೆಂಬ ಸಂಭವನೀಯತೆ ಅದರ ತೂಕದ ಪರಿಮಾಣದ ವರ್ಗಕ್ಕೆ ಸಮ. ಆದ್ದರಿಂದ ಎಲ್ಲ ವರ್ಗಗಳ ಮೊತ್ತ ಯಾವಾಗಲೂ ಒಂದೇ ಇರಬೇಕು. ಶಿಥಿಲದ್ವಿತ್ವದ ಹಿಂದಿನ ಅಕ್ಷರವು ಲಘುವಾಗಿಯೇ ಉಳಿಯಬಹುದೆಂಬ ಕನ್ನಡ ಛಂದಸ್ಸಿನ ನಿಯಮದೊಡನೆ ಇದನ್ನು ಸಮೀಕರಿಸಕೂಡದು. ಅಲ್ಲಿ ಪ್ರತಿಯೊಂದು ಪದ್ಯದಲ್ಲೂ ಅಕ್ಷರದ ಬೆಲೆ ನಿಶ್ಚಿತವಾಗಿಯೇ ಇರುತ್ತದೆ.

ತಂತ್ರಾಂಶದಲ್ಲಿ ಗಣಗಳ ಹೆಸರನ್ನು ಎಲ್ಲಿಯೂ ಬರೆದಿಡುವುದಿಲ್ಲ; ತೂಕಗಳನ್ನಷ್ಟೇ ಸಾಲಾಗಿ ಇಡುತ್ತಾರೆ. ಆರನೆಯ ತೂಕ ಯಾರದೆಂದು ತಿಳಿಯಲು ನಷ್ಟಕ್ರಿಯೆ, ಜಗಣದ ತೂಕ ಎಲ್ಲಿದೆಯೆಂದು ತಿಳಿಯಲು ಉದ್ದಿಷ್ಟಕ್ರಿಯೆ ಸಾಕು. ಐಬಿಎಂ ಸಂಸ್ಥೆ ೨೦೧೭ರಲ್ಲಿ ಹೊರತಂದ ಕಿಸ್ಕಿಟ್ ತಂತ್ರಾಂಶವು ಮೊದಲ ಕ್ಯೂಬಿಟ್‌ಗೆ ಕನಿಷ್ಠ ಸ್ಥಾನಬೆಲೆಯನ್ನೇ ಕೊಡುತ್ತದೆ. ಅದರ ಪಟ್ಟಿಯ ಕ್ರಮವೂ ಪ್ರಸ್ತಾರದ ಕ್ರಮವೂ ಹೀಗೆ ಒಂದೇ ಆಗುತ್ತವೆ. ಇದು ಎರಡು ಸ್ವತಂತ್ರ ಎಣಿಕೆಗಳ ಹೊಂದಾಣಿಕೆಯೇ ಹೊರತು ಒಂದರಿಂದ ಇನ್ನೊಂದು ಹುಟ್ಟಿತೆಂಬುದಕ್ಕೆ ಸಾಕ್ಷಿಯಲ್ಲ.

೩. ಗೇಟ್ ಎಂಬ ಕ್ರಿಯೆ

ಕ್ವಾಂಟಂ ಗಣಕದ ಒಂದೊಂದು ಹೆಜ್ಜೆಯನ್ನೂ ಗೇಟ್ ಎನ್ನುತ್ತಾರೆ. ಒಂದು ಕ್ಯೂಬಿಟ್‌ನ ಮೇಲೆ ಗೇಟ್ ಪ್ರಯೋಗಿಸುವುದೆಂದರೆ ಅನುಕರಣೆಯಲ್ಲಿ ಆಗುವುದಿಷ್ಟು: ಆ ಅಕ್ಷರದಲ್ಲಿ ಮಾತ್ರ ಭಿನ್ನವಾಗಿರುವ ಸಾಲುಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯ ಎರಡು ತೂಕಗಳಿಂದ ಎರಡು ಹೊಸ ತೂಕಗಳನ್ನು ಲೆಕ್ಕಹಾಕುವುದು. ಮೊದಲ ಅಕ್ಷರಕ್ಕೆ ಜೋಡಿಗಳು ಮ-ಯ, ರ-ಸ, ತ-ಜ, ಭ-ನ. ಇವು ಪಕ್ಕಪಕ್ಕದಲ್ಲೇ ಇವೆ. ಎರಡನೆಯ ಅಕ್ಷರಕ್ಕೆ ಮ-ರ, ಯ-ಸ, ತ-ಭ, ಜ-ನ. ಇವುಗಳ ನಡುವಿನ ಅಂತರ ಎರಡು ಸಾಲು. ಮೂರನೆಯದಕ್ಕೆ ಮ-ತ, ಯ-ಜ, ರ-ಭ, ಸ-ನ. ಅಂತರ ನಾಲ್ಕು ಸಾಲು. ಮೂವತ್ತನೆಯ ಅಕ್ಷರಕ್ಕೆ ಈ ಅಂತರ ಐವತ್ತಮೂರು ಕೋಟಿ ಸಾಲುಗಳನ್ನು ಮೀರುತ್ತದೆ. ಪಟ್ಟಿಯನ್ನು ಹಲವು ಯಂತ್ರಗಳಿಗೆ ಹಂಚಿದಾಗ ಜೋಡಿಯ ಒಂದು ತೂಕ ಒಂದು ಯಂತ್ರದಲ್ಲೂ ಇನ್ನೊಂದು ಬೇರೆ ಯಂತ್ರದಲ್ಲೂ ಇರುತ್ತವೆ. ದೊಡ್ಡ ಅನುಕರಣೆಗಳಲ್ಲಿ ಲೆಕ್ಕಕ್ಕಿಂತ ಈ ಸಾಗಾಣಿಕೆಯೇ ಹೆಚ್ಚು ಕಾಲವನ್ನು ತಿನ್ನುವುದು ಸಾಮಾನ್ಯ.

ಹಡಮಾರ್ಡ್ ಎಂಬ ಗೇಟನ್ನು ನೋಡೋಣ. ಜೋಡಿಯ ತೂಕಗಳನ್ನು ಕೂಡಿಸಿ ೨ರ ವರ್ಗಮೂಲದಿಂದ ಭಾಗಿಸಿದರೆ ಮೊದಲನೆಯ ಹೊಸ ತೂಕ. ಮೊದಲನೆಯದರಿಂದ ಎರಡನೆಯದನ್ನು ಕಳೆದು ಹಾಗೆಯೇ ಭಾಗಿಸಿದರೆ ಎರಡನೆಯ ಹೊಸ ತೂಕ. ಆರಂಭದಲ್ಲಿ ಮಗಣದ ತೂಕ ೧, ಉಳಿದವು ಸೊನ್ನೆ. ಮೊದಲ ಅಕ್ಷರದ ಮೇಲೆ ಈ ಗೇಟ್ ಪ್ರಯೋಗಿಸಿದರೆ ಮಗಣ, ಯಗಣಗಳೆರಡಕ್ಕೂ ೦.೭೦೭ ಬರುತ್ತದೆ, ಮಾಪನ ಮಾಡಿದರೆ ಎರಡಕ್ಕೂ ಅರ್ಧರ್ಧ ಸಂಭವ. ಇಲ್ಲಿಯವರೆಗೆ ಇದು ನಾಣ್ಯ ಚಿಮ್ಮಿದಂತೆಯೇ ಕಾಣುತ್ತದೆ. ಮಾಪನ ಮಾಡದೆ ಅದೇ ಗೇಟನ್ನು ಮತ್ತೊಮ್ಮೆ ಪ್ರಯೋಗಿಸಿದಾಗ ವ್ಯತ್ಯಾಸ ಹೊರಬೀಳುತ್ತದೆ. ಮಗಣದಲ್ಲಿ ಎರಡು ಕೊಡುಗೆಗಳು ಕೂಡಿ ತೂಕ ಪುನಃ ೧ ಆಗುತ್ತದೆ. ಯಗಣದಲ್ಲಿ ಅವು ಒಂದನ್ನೊಂದು ಕಳೆದು ಸೊನ್ನೆಯಾಗುತ್ತದೆ. ಚಿಮ್ಮಿದ ನಾಣ್ಯವನ್ನು ಮತ್ತೊಮ್ಮೆ ಚಿಮ್ಮಿದರೆ ಅದು ಖಚಿತವಾಗಿ ಮೊದಲಿನ ಮುಖಕ್ಕೆ ಮರಳುವುದಿಲ್ಲ. ತೂಕಗಳು ಹೀಗೆ ಒಂದನ್ನೊಂದು ಬೆಳೆಸುವ, ಅಳಿಸುವ ಗುಣಕ್ಕೆ ವ್ಯತಿಕರಣವೆಂದು ಹೆಸರು.

೪. ಜಗಣದ ಹುಡುಕಾಟ

ಈಗ ಆರಂಭದ ಪ್ರಶ್ನೆಗೆ ಬರಬಹುದು. ಎಲ್ಲ ಸಾಲುಗಳಲ್ಲೂ ತೂಕವಿರುವುದೇ ‘ಎಲ್ಲವನ್ನೂ ಏಕಕಾಲದಲ್ಲಿ ಪರಿಶೀಲಿಸುವುದು’ ಎನ್ನಬಹುದೇ? ಲವ್ ಗ್ರೋವರ್ ೧೯೯೬ರಲ್ಲಿ ಮಂಡಿಸಿದ ಹುಡುಕಾಟದ ಕ್ರಮವನ್ನು ಎಂಟು ಗಣಗಳ ಮೇಲೆಯೇ ನಡೆಸಿ ನೋಡೋಣ. ಹುಡುಕಬೇಕಾದುದು ಜಗಣವೆಂದಿರಲಿ.

ಮೂರೂ ಅಕ್ಷರಗಳ ಮೇಲೆ ಹಡಮಾರ್ಡ್ ಗೇಟ್ ಪ್ರಯೋಗಿಸಿದರೆ ಎಂಟು ಗಣಗಳಿಗೂ ೦.೩೫೪ರಷ್ಟು ಸಮಾನ ತೂಕ ಬರುತ್ತದೆ. ಈಗಲೇ ಮಾಪನ ಮಾಡಿದರೆ ಜಗಣ ದೊರೆಯುವ ಸಂಭವ ಎಂಟರಲ್ಲೊಂದು. ಎಂದರೆ, ಎಲ್ಲ ಸಾಧ್ಯತೆಗಳೂ ‘ಇರುವ’ ಈ ಸ್ಥಿತಿಯಿಂದ ಕಣ್ಣುಮುಚ್ಚಿ ಚೀಟಿ ಎತ್ತುವುದಕ್ಕಿಂತ ಹೆಚ್ಚಿನ ಪ್ರಯೋಜನವೇನೂ ಇಲ್ಲ. ಗ್ರೋವರ್ ಕ್ರಮದ ಒಂದು ಸುತ್ತಿನಲ್ಲಿ ಎರಡು ಕೆಲಸಗಳಿವೆ. ಮೊದಲು, ಬೇಕಾದ ಸಾಲಿನ ತೂಕದ ಚಿಹ್ನೆಯನ್ನು ಋಣಕ್ಕೆ ತಿರುಗಿಸಬೇಕು. ಅನಂತರ, ಎಲ್ಲ ತೂಕಗಳ ಸರಾಸರಿಯನ್ನು ಕಂಡು, ಪ್ರತಿ ತೂಕವನ್ನೂ ಆ ಸರಾಸರಿಯ ಇನ್ನೊಂದು ಬದಿಗೆ ಅಷ್ಟೇ ದೂರಕ್ಕೆ ಮಗುಚಬೇಕು.

ಚಿಹ್ನೆ ತಿರುಗಿಸಿದ ಮೇಲೆ ಸರಾಸರಿ ೦.೨೬೫. ಮಗುಚಿದಾಗ ಜಗಣದ ತೂಕ ೦.೮೮೪, ಉಳಿದ ಏಳರದು ತಲಾ ೦.೧೭೭. ಜಗಣ ದೊರೆಯುವ ಸಂಭವ ಶೇ. ೭೮. ಎರಡನೆಯ ಸುತ್ತಿನಲ್ಲಿ ಜಗಣದ ತೂಕ ೦.೯೭೨ಕ್ಕೆ ಏರಿ, ಸಂಭವ ಸುಮಾರು ಶೇ. ೯೪.೫ ಆಗುತ್ತದೆ. ಹುರುಪಿನಿಂದ ಮೂರನೆಯ ಸುತ್ತನ್ನೂ ನಡೆಸಿದರೆ ತೂಕ ೦.೫೭೫ಕ್ಕೆ ಕುಸಿದು, ಸಂಭವ ಶೇ. ೩೩ಕ್ಕೆ ಇಳಿಯುತ್ತದೆ.

ಈ ಕುಸಿತ ಗಮನಾರ್ಹ. ಯಂತ್ರವು ಎಲ್ಲವನ್ನೂ ಪರಿಶೀಲಿಸಿ ಉತ್ತರವನ್ನು ಕಂಡುಕೊಂಡಿದ್ದರೆ ಇನ್ನೊಂದು ಸುತ್ತು ಅದನ್ನು ಕೆಡಿಸಬೇಕಾಗಿರಲಿಲ್ಲ. ನಡೆದಿರುವುದು ಪರಿಶೀಲನೆಯಲ್ಲ, ಬೇಡದ ಸಾಲುಗಳ ತೂಕ ಕರಗುವಂತೆ, ಬೇಕಾದುದರ ತೂಕ ಬೆಳೆಯುವಂತೆ ವ್ಯತಿಕರಣವನ್ನು ನಿಯೋಜಿಸಿದ್ದು, ಮತ್ತು ಸರಿಯಾದ ಹೊತ್ತಿಗೆ ನಿಲ್ಲಿಸಿದ್ದು. ಇಂಥ ನಿಯೋಜನೆ ಸಾಧ್ಯವಿರುವ ಸಮಸ್ಯೆಗಳಲ್ಲಿ ಮಾತ್ರ ಕ್ವಾಂಟಂ ಗಣಕಕ್ಕೆ ಮೇಲುಗೈ.

ಅನುಕರಣೆಯಿಂದ ವೇಗದ ಲಾಭವಿಲ್ಲವೆಂಬುದೂ ಇಲ್ಲಿಯೇ ತಿಳಿಯುತ್ತದೆ. ಇಪ್ಪತ್ತು ಅಕ್ಷರಗಳ ಪ್ರಸ್ತಾರಕ್ಕೆ ೧೦,೪೮,೫೭೬ ಸಾಲುಗಳು. ಗ್ರೋವರ್ ಕ್ರಮಕ್ಕೆ ಸುಮಾರು ೮೦೪ ಸುತ್ತುಗಳು ಸಾಕು. ಆದರೆ ಅನುಕರಿಸುವ ತಂತ್ರಾಂಶ ಪ್ರತಿ ಸುತ್ತಿನಲ್ಲೂ ಎಲ್ಲ ಸಾಲುಗಳನ್ನೂ ಮುಟ್ಟಬೇಕಾದ್ದರಿಂದ ಅದರ ಶ್ರಮ ಸುಮಾರು ೮೪ ಕೋಟಿ ಹೆಜ್ಜೆಗಳು. ನೇರವಾಗಿ ಒಂದೊಂದೇ ಸಾಲನ್ನು ನೋಡುತ್ತ ಹೋಗಿದ್ದರೆ ಹತ್ತೂವರೆ ಲಕ್ಷ ಹೆಜ್ಜೆಗಳಲ್ಲಿ ಕೆಲಸ ಮುಗಿಯುತ್ತಿತ್ತು. ಅನುಕರಣೆಯ ಫಲ ತಿಳಿವಳಿಕೆ. ನಿಜವಾದ ಯಂತ್ರದಲ್ಲಿ ಮಾಪನ ಮಾಡಿದೊಡನೆ ಒಂದು ಗಣ ಮಾತ್ರ ಉಳಿದು, ಉಳಿದ ತೂಕಗಳೆಲ್ಲ ಕಾಣದಾಗುತ್ತವೆ. ಅನುಕರಣೆಯಲ್ಲಿ ಇಡೀ ಪಟ್ಟಿ ಕಣ್ಣೆದುರಿಗೇ ಇರುತ್ತದೆ; ಯಾವ ಹೆಜ್ಜೆಯಲ್ಲಿ ತಪ್ಪಾಯಿತೆಂದು ತೂಕಗಳನ್ನು ಓದಿ ಹೇಳಬಹುದು.

೫. ಬಿಡಿಸಲಾಗದ ಹೆಣಿಗೆ

ಮೂರು ಅಕ್ಷರಗಳಿಗೆ ಎಂಟು ತೂಕ ಏಕೆ ಬೇಕು, ಅಕ್ಷರಕ್ಕೆ ಎರಡರಂತೆ ಆರು ಸಾಲದೇ ಎಂಬ ಪ್ರಶ್ನೆ ಸಹಜ. ಇದಕ್ಕೂ ಗಣಗಳಿಂದಲೇ ಉತ್ತರ ದೊರೆಯುತ್ತದೆ. ಮಗಣದಿಂದ ಆರಂಭಿಸಿ ಮೊದಲ ಅಕ್ಷರದ ಮೇಲೆ ಹಡಮಾರ್ಡ್ ಗೇಟ್ ಪ್ರಯೋಗಿಸಿದಾಗ ಮಗಣ, ಯಗಣಗಳಿಗೆ ೦.೭೦೭ ಬಂದುದನ್ನು ಕಂಡೆವು. ಈಗ ‘ಮೊದಲ ಅಕ್ಷರ ಲಘುವಾದರೆ ಎರಡನೆಯದನ್ನು ತಿರುಗಿಸು’ ಎಂಬ ಗೇಟನ್ನು ಪ್ರಯೋಗಿಸಿದರೆ ಯಗಣದ ತೂಕ ಸಗಣಕ್ಕೆ ಹೋಗುತ್ತದೆ. ‘ಎರಡನೆಯದು ಲಘುವಾದರೆ ಮೂರನೆಯದನ್ನು ತಿರುಗಿಸು’ ಎಂದರೆ ಸಗಣದ ತೂಕ ನಗಣಕ್ಕೆ ಹೋಗುತ್ತದೆ. ಕೊನೆಯಲ್ಲಿ ಮಗಣಕ್ಕೂ ನಗಣಕ್ಕೂ ೦.೭೦೭, ಉಳಿದ ಆರಕ್ಕೂ ಸೊನ್ನೆ.

ಇದನ್ನು ಅಕ್ಷರಗಳಿಗೆ ಪ್ರತ್ಯೇಕವಾಗಿ ತೂಕ ಕೊಟ್ಟು ಹೇಳಲು ಯತ್ನಿಸೋಣ. ಪ್ರತ್ಯೇಕ ತೂಕಗಳಿದ್ದಲ್ಲಿ ಗಣದ ತೂಕ ಅದರ ಮೂರು ಅಕ್ಷರಗಳ ತೂಕದ ಗುಣಲಬ್ಧ. ಮಗಣ ಸೊನ್ನೆಯಲ್ಲವಾದ್ದರಿಂದ ಮೂರು ಸ್ಥಾನಗಳಲ್ಲೂ ಗುರುವಿನ ತೂಕ ಸೊನ್ನೆಯಾಗಿರಲಾರದು. ನಗಣ ಸೊನ್ನೆಯಲ್ಲವಾದ್ದರಿಂದ ಲಘುವಿನ ತೂಕವೂ ಸೊನ್ನೆಯಾಗಿರಲಾರದು. ಹಾಗಿದ್ದಲ್ಲಿ ಯಗಣವೂ ಸೊನ್ನೆಯಾಗಕೂಡದು. ಆದರೆ ಅದು ಸೊನ್ನೆಯೇ ಆಗಿದೆ. ಆದ್ದರಿಂದ ಈ ಸ್ಥಿತಿಯನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳಲಾಗದು. ಗಣವನ್ನು ಇಡಿಯಾಗಿಯೇ ಹೇಳಬೇಕು. ಕ್ವಾಂಟಂ ಹೆಣಿಗೆ ಎಂಬುದರ ಅರ್ಥ ಇದೇ. ಪೂರ್ತಿ ಪ್ರಸ್ತಾರವನ್ನು ಬರೆಯಬೇಕಾಗಿ ಬರುವುದಕ್ಕೆ ಕಾರಣವೂ ಇದೇ.

೬. ಅಧ್ವಯೋಗದ ಪ್ರಶ್ನೆ

ಪ್ರಸ್ತಾರವನ್ನು ಬರೆಯಲು ಎಷ್ಟು ಜಾಗ ಬೇಕೆಂಬ ಲೆಕ್ಕವೇ ಅಧ್ವಯೋಗ. ಸಾಲುಗಳ ಸಂಖ್ಯೆಯನ್ನು ಇಮ್ಮಡಿಸಿ ಒಂದನ್ನು ಕಳೆದರೆ ಬರುವಷ್ಟು ಅಂಗುಲ ಎಂಬುದು ಅದರ ನಿಯಮ. ಸಾಲಿಗೊಂದು ಅಂಗುಲ, ಸಾಲುಗಳ ನಡುವೆ ಒಂದೊಂದು ಅಂಗುಲ. ಮೂರು ಅಕ್ಷರಕ್ಕೆ ೧೫ ಅಂಗುಲ. ಷಟ್‌ಪ್ರತ್ಯಯಗಳಲ್ಲಿ ಇದನ್ನು ನಿರುಪಯುಕ್ತವೆಂದು ನಾವು ಸಾಮಾನ್ಯವಾಗಿ ಬಿಟ್ಟುಬಿಡುತ್ತೇವೆ. ಕ್ವಾಂಟಂ ಅನುಕರಣೆಯಲ್ಲಿ ಇದೇ ಮುಖ್ಯ ಪ್ರಶ್ನೆ.

ಒಂದು ಸಂಮಿಶ್ರ ಸಂಖ್ಯೆಗೆ ಸಾಮಾನ್ಯವಾಗಿ ೧೬ ಬೈಟ್ ಮೆಮೊರಿ ಬೇಕು. ಚಂಪಕಮಾಲೆಯ ಪಾದದಷ್ಟು, ಎಂದರೆ ೨೧ ಕ್ಯೂಬಿಟ್‌ಗಳಿದ್ದರೆ ೨೦,೯೭,೧೫೨ ಸಾಲುಗಳು, ೩೨ ಮೆಗಾಬೈಟ್. ಇಪ್ಪತ್ತಾರು ಅಕ್ಷರಗಳ ಉತ್ಕೃತಿಗೆ ೬,೭೧,೦೮,೮೬೪ ಸಾಲುಗಳು, ಒಂದು ಗಿಗಾಬೈಟ್. ಇದು ಇಂದಿನ ಸಾಧಾರಣ ಗಣಕಕ್ಕೂ ಭಾರವಲ್ಲ. ಮೂವತ್ತಕ್ಕೆ ೧೬ ಗಿಗಾಬೈಟ್. ನಲವತ್ತಕ್ಕೆ ೧೬ ಟೆರಾಬೈಟ್. ಐವತ್ತಕ್ಕೆ ೧೬ ಪೆಟಾಬೈಟ್. ಒಂದು ಅಕ್ಷರ ಹೆಚ್ಚಿದರೆ ಜಾಗ ಇಮ್ಮಡಿ.

ರಿಚರ್ಡ್ ಫೈನ್‌ಮನ್ ೧೯೮೧ರ ಉಪನ್ಯಾಸವೊಂದರಲ್ಲಿ ಈ ಬೆಳವಣಿಗೆಯನ್ನೇ ಮುಂದಿಟ್ಟು, ಕ್ವಾಂಟಂ ಜಗತ್ತನ್ನು ಅನುಕರಿಸಲು ಕ್ವಾಂಟಂ ನಿಯಮಗಳಿಂದಲೇ ನಡೆಯುವ ಯಂತ್ರ ಬೇಕೆಂದು ವಾದಿಸಿದನು. ಅದು ೧೯೮೨ರಲ್ಲಿ ಪ್ರಕಟವಾಯಿತು. ೧೯೮೦ರಲ್ಲಿಯೇ ಯೂರಿ ಮಾನಿನ್ ಇಂಥದೇ ವಿಚಾರವನ್ನು ಸೂಚಿಸಿದ್ದನು. ಹೀಗೆ ಅನುಕರಣೆಯ ಸೋಲಿನಿಂದಲೇ ಕ್ವಾಂಟಂ ಗಣಕದ ಕಲ್ಪನೆ ಮೂಡಿತು. ಆದರೂ ಅನುಕರಣೆಯ ಪ್ರಯತ್ನ ನಿಲ್ಲಲಿಲ್ಲ. ಜರ್ಮನಿಯ ಯೂಲಿಷ್ ಕೇಂದ್ರದ ಯಂತ್ರಗಳನ್ನೂ ಬಳಸಿದ ತಂಡವೊಂದು ೨೦೦೭ರಲ್ಲಿ ೩೬ ಕ್ಯೂಬಿಟ್‌ಗಳ ಅನುಕರಣೆಯನ್ನು ಪ್ರಕಟಿಸಿತು. ೨೦೧೭ರಲ್ಲಿ ಅಮೆರಿಕದ ಕೋರಿ ಯಂತ್ರದ ಮೇಲೆ ಅರ್ಧ ಪೆಟಾಬೈಟ್ ಮೆಮೊರಿ ಬಳಸಿ ೪೫ ಕ್ಯೂಬಿಟ್‌ಗಳನ್ನು ಅನುಕರಿಸಲಾಯಿತು. ೨೦೧೯ರಲ್ಲಿ ಪ್ರಕಟವಾದ ಇನ್ನೊಂದು ಕೆಲಸ, ಪ್ರತಿ ತೂಕವನ್ನು ೧೬ರ ಬದಲು ೨ ಬೈಟಿಗೆ ಇಳಿಸಿ, ನಿಖರತೆಯನ್ನು ಸ್ವಲ್ಪ ಬಿಟ್ಟುಕೊಟ್ಟು, ೪೮ನ್ನು ಮುಟ್ಟಿತು. ಹನ್ನೆರಡು ವರ್ಷಗಳಲ್ಲಿ ಗಳಿಸಿದ್ದು ಹನ್ನೆರಡು ಅಕ್ಷರ. ೨೦೨೫ರಲ್ಲಿ ಯೂಲಿಷ್‌ನ ಜುಪಿಟರ್ ಯಂತ್ರದ ಮೇಲೆ ಅದು ೫೦ಕ್ಕೆ ಏರಿತು.

೭. ಪಟ್ಟಿಯನ್ನು ಬರೆಯದ ದಾರಿಗಳು

ಗೂಗಲ್ ಸಂಸ್ಥೆಯು ೨೦೧೯ರ ಅಕ್ಟೋಬರಿನಲ್ಲಿ ತನ್ನ ೫೩ ಕ್ಯೂಬಿಟ್‌ಗಳ ಸಿಕಮೋರ್ ಯಂತ್ರವು ೨೦೦ ಸೆಕೆಂಡುಗಳಲ್ಲಿ ಮಾಡಿದ ಕೆಲಸಕ್ಕೆ ಅತ್ಯುತ್ತಮ ಸಾಮಾನ್ಯ ಯಂತ್ರಕ್ಕೂ ೧೦,೦೦೦ ವರ್ಷ ಬೇಕೆಂದು ಪ್ರಕಟಿಸಿತು. ೫೩ ಅಕ್ಷರಗಳ ಪ್ರಸ್ತಾರಕ್ಕೆ ೯,೦೦,೭೧,೯೯,೨೫,೪೭,೪೦,೯೯೨ ಸಾಲುಗಳು; ಅದು ಆ ಕಾಲದ ಯಾವ ಯಂತ್ರದ ಮೆಮೊರಿಯಲ್ಲೂ ಹಿಡಿಯುವಂಥದಲ್ಲ. ಮೆಮೊರಿಯ ಜೊತೆಗೆ ಡಿಸ್ಕ್‌ಗಳನ್ನೂ ಬಳಸಿದರೆ ಎರಡೂವರೆ ದಿನ ಸಾಕೆಂದು ಐಬಿಎಂ ಸಂಶೋಧಕರು ಲೆಕ್ಕ ತೋರಿಸಿದರು. ೨೦೨೨ರಲ್ಲಿ ಚೀನಾದ ಸಂಶೋಧಕರು ೫೧೨ ಗ್ರಾಫಿಕ್ಸ್ ಸಂಸ್ಕಾರಕಗಳಿಂದ, ಸುಮಾರು ೧೫ ಗಂಟೆಗಳಲ್ಲಿ ಹೋಲುವ ಫಲಿತಾಂಶವನ್ನು ಪಡೆದ ವಿವರವನ್ನು ಪ್ರಕಟಿಸಿದರು. ಅವರು ಪೂರ್ತಿ ಪಟ್ಟಿಯನ್ನು ಬರೆಯಲಿಲ್ಲ. ಗೇಟುಗಳ ಜೋಡಣೆಯನ್ನೇ ಒಂದು ಜಾಲವೆಂದು ಭಾವಿಸಿ, ಬೇಕಾದ ಸಾಲುಗಳ ತೂಕವನ್ನಷ್ಟೇ ಕಂಡುಕೊಂಡರು.

ಛಂದಸ್ಸಿನಲ್ಲಿ ಇದಕ್ಕೆ ದೂರದ ಹೋಲಿಕೆ ಲಗಕ್ರಿಯೆ. ಎಷ್ಟು ವಿನ್ಯಾಸಗಳಲ್ಲಿ ಇಂತಿಷ್ಟೇ ಲಘುಗಳಿವೆಯೆಂಬುದನ್ನು ಮೇರುಪ್ರಸ್ತಾರದಿಂದ, ಪಟ್ಟಿಯನ್ನು ಬರೆಯದೆ, ಹೇಳಬಹುದು. ಪ್ರಶ್ನೆ ಸೀಮಿತವಾಗಿದ್ದರೆ ಪ್ರಸ್ತಾರ ಬೇಡ. ಹೆಣಿಗೆಯೊಂದೇ ಕಷ್ಟದ ಮೂಲವೆಂದೂ ಹೇಳಲಾಗದು. ಹಿಂದೆ ಕಂಡ ಮಗಣ-ನಗಣಗಳ ಹೆಣಿಗೆಯನ್ನು ಸಾವಿರಾರು ಅಕ್ಷರಗಳಿಗೆ ವಿಸ್ತರಿಸಿದರೂ ಸಾಮಾನ್ಯ ಗಣಕ ಸುಲಭವಾಗಿ ನಿಭಾಯಿಸಬಲ್ಲದೆಂಬುದು ೧೯೯೮ರಲ್ಲಿ ಪ್ರಕಟವಾದ ಗಾಟ್ಸ್‌ಮನ್-ನಿಲ್ ಪ್ರಮೇಯದಿಂದ ತಿಳಿಯುತ್ತದೆ. ಕೆಲವು ಬಗೆಯ ಗೇಟುಗಳು ಸೇರಿದಾಗ ಮಾತ್ರ ಪಟ್ಟಿ ಅನಿವಾರ್ಯವಾಗತೊಡಗುತ್ತದೆ.

ಇದಕ್ಕೆ ವಿರುದ್ಧವಾಗಿ, ಇನ್ನೂ ದೊಡ್ಡ ಪಟ್ಟಿಯನ್ನು ಬೇಡುವ ಸಂದರ್ಭವೂ ಇದೆ. ನಿಜವಾದ ಯಂತ್ರಗಳಲ್ಲಿ ಸುತ್ತಲಿನ ಅಡಚಣೆಯಿಂದ ದೋಷಗಳು ಸೇರುತ್ತವೆ. ಅವನ್ನೂ ಪೂರ್ಣವಾಗಿ ಲೆಕ್ಕಕ್ಕೆ ತರಬೇಕಾದರೆ ಪ್ರಸ್ತಾರದ ಪ್ರತಿ ಸಾಲನ್ನೂ ಪ್ರತಿ ಸಾಲಿನೊಡನೆ ಕೂಡಿಸಿ ಬರೆದ ಚೌಕವೇ ಬೇಕು: ಮೂರು ಅಕ್ಷರಕ್ಕೆ ಎಂಟರ ಬದಲು ಅರವತ್ತನಾಲ್ಕು ಸಂಖ್ಯೆಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ರೂರ್ಕಿಯ ಐಐಟಿ ಮತ್ತು ಸಿ-ಡಾಕ್ ಸೇರಿ ರೂಪಿಸಿ ೨೦೨೧ರಲ್ಲಿ ಬಿಡುಗಡೆಯಾದ ಕ್ಯೂಸಿಮ್ ಈ ಬಗೆಯ ದೋಷಸಹಿತ ಅನುಕರಣೆಗೆ ಅವಕಾಶ ನೀಡುತ್ತದೆ.

೮. ಸಮಾರೋಪ

ಮೇಲಿನ ವಿವೇಚನೆಯಿಂದ ಎರಡು ತೀರ್ಮಾನಗಳಿಗೆ ಬರಬಹುದು. ಸಾಧ್ಯತೆಗಳನ್ನು ಕ್ರಮವಾಗಿ ಎಣಿಸುವುದು, ಹೆಸರಿಸದೆ ಗುರುತಿಸುವುದು, ಎಣಿಕೆಗೆ ಬೇಕಾದ ಜಾಗವನ್ನು ಮುಂಚೆಯೇ ತಿಳಿಯುವುದು, ಈ ಮೂರನ್ನೂ ಛಂದಶ್ಶಾಸ್ತ್ರ ನಿಖರವಾಗಿ ಮಾಡಿತ್ತು. ಸ್ಥಿತಿಸದಿಶವನ್ನು ಕನ್ನಡದಲ್ಲಿ ಕಲಿಸಲು ಇದಕ್ಕಿಂತ ಒಳ್ಳೆಯ ಪ್ರವೇಶದ್ವಾರ ಇರಲಾರದು. ಆದರೆ ಪ್ರಸ್ತಾರದ ಸಾಲುಗಳು ಒಂದನ್ನೊಂದು ಅಳಿಸುವುದಿಲ್ಲ. ಜಗಣದಿಂದ ತಗಣವನ್ನು ಕಳೆಯುವ ಕಲ್ಪನೆ ಛಂದಸ್ಸಿನಲ್ಲಿಲ್ಲ, ಇರಬೇಕಾದ ಅಗತ್ಯವೂ ಇರಲಿಲ್ಲ. ಕ್ವಾಂಟಂ ಗಣಕದ ಬಲವೆಲ್ಲ ಈ ಕಳೆಯುವಿಕೆಯಲ್ಲಿದೆ. ಆದ್ದರಿಂದ ನಮ್ಮ ಶಾಸ್ತ್ರದಲ್ಲಿ ಈ ವಿದ್ಯೆ ಇತ್ತೆಂಬ ಮಾತು ನಿಲ್ಲುವುದಿಲ್ಲ.

ಅಂತೆಯೇ, ಎಲ್ಲ ಸಾಧ್ಯತೆಗಳೂ ಕೂಡಿ ಇರುವುದನ್ನೇ ಕ್ವಾಂಟಂ ಎಂದು ಕರೆದು ಅನೇಕಾರ್ಥತೆಗೆ ರೂಪಕವಾಗಿಸುವುದೂ ಅರ್ಧದ ಮಾತು. ಎಂಟು ಗಣಗಳೂ ಸಮನಾಗಿದ್ದ ಸ್ಥಿತಿಯಿಂದ ದೊರೆತದ್ದು ಎಂಟರಲ್ಲೊಂದರ ಅದೃಷ್ಟವಷ್ಟೇ ಎಂಬುದನ್ನು ಕಂಡೆವು. ರೂಪಕ ಬೇಕೆನ್ನುವವರು ಜಗಣದ ಹುಡುಕಾಟವನ್ನು ಒಮ್ಮೆ ಹಾಳೆಯ ಮೇಲೆ, ಮೂರನೆಯ ಸುತ್ತಿನವರೆಗೂ, ತಾವೇ ಲೆಕ್ಕಹಾಕಿ ನೋಡುವುದು ಒಳಿತು.